ಬುಸಾನ್‌ನ ಹಂದಿ ಸಾರನ್ನ: ಉಪ್ಪು ನೀವೇ ಹಾಕಿಕೊಳ್ಳಬೇಕು

ದಕ್ಷಿಣ ಕೊರಿಯಾದಲ್ಲಿ ಶುಕ್ರವಾರ ಸಂಜೆ ರಾಜಧಾನಿ ಸೋಲ್‌ನಿಂದ ಬುಸಾನ್‌ಗೆ ಬಸ್ಸಿನಲ್ಲಿ ಹೋಗಬೇಡಿ. ಇದನ್ನೇ ಮೊದಲು ಹೇಳುತ್ತೇನೆ. ಕೆಟಿಎಕ್ಸ್ ಎಂಬ ವೇಗದ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ, ಟಿಕೆಟ್ ಸುಮಾರು 60,000 ವಾನ್. ಆದರೆ ವಾರಾಂತ್ಯದ ಸೀಟು ಬೇಗ ಖಾಲಿಯಾಗುತ್ತದೆ. ನಾನು ಹೊರಡುವ ದಿನ ಕೇಳಿದೆ, ಒಂದೂ ಇರಲಿಲ್ಲ. ಬಸ್ಸಿನವರು ನಾಲ್ಕೂವರೆ ಗಂಟೆ ಎಂದರು. ಹಿಡಿದದ್ದು ಸುಮಾರು ಏಳು ಗಂಟೆ. ನಡುವೆ ಒಂದೇ ಕಡೆ ನಿಲ್ಲಿಸಿದರು, ಅದೂ ಹದಿನೈದು ನಿಮಿಷ. ಶೌಚಾಲಯದ ಸಾಲಿನಲ್ಲೇ ಅಷ್ಟು ಹೊತ್ತೂ ಕಳೆಯಿತು, ತಿನ್ನಲು ಏನೂ ಸಿಗಲಿಲ್ಲ. ಬಸ್ ನಿಲ್ದಾಣ ಇರುವುದು ನೋಪೋದಲ್ಲಿ, ಊರಿನ ಉತ್ತರದ ತುದಿ. ಅಲ್ಲಿಂದ ಮೆಟ್ರೋ 1ನೇ ಲೈನ್ ಹಿಡಿದರೆ ನೇರವಾಗಿ ಊರಿನ ನಡುವಿನ ಸೊಮ್ಯೊನ್ ತಲುಪಬಹುದು.

ನಾನು ಅಲ್ಲಿ ಇಳಿಯದೆ ಹೇಉಂದೆ ಬೀಚಿಗೆ ಹೋದೆ. ರೂಮು ಅಲ್ಲಿ ಮಾಡಿದ್ದೆ. ಶನಿವಾರ ರಾತ್ರಿಗೆ 1,40,000 ವಾನ್, ಭಾನುವಾರ ಅದೇ ರೂಮಿಗೆ ಅದರ ಅರ್ಧ! ಸಮುದ್ರ ಕಾಣುತ್ತದೆ ಎಂದು ಹಾಕಿದ್ದರು. ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ನೀಲಿ ಕಂಡಿತು, ಅಷ್ಟೇ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಊಟದ ವಿಷಯಕ್ಕೆ. ಕೆಂಡದ ಮೇಲೆ ಮಾಂಸ ಸುಡುವ ಹೋಟೆಲುಗಳಲ್ಲಿ ಕಡಿಮೆಯೆಂದರೆ ಇಬ್ಬರ ಪಾಲು ತೆಗೆದುಕೊಳ್ಳಬೇಕು. ಒಬ್ಬನೇ ಎಂದ ಕೂಡಲೇ ಎರಡು ಕಡೆ ತಲೆ ಅಲ್ಲಾಡಿಸಿದರು. ಮೂರನೆಯವರು ಒಳಗೆ ಕೂರಿಸಿ ಇಬ್ಬರ ದುಡ್ಡು ತೆಗೆದುಕೊಂಡರು. ಒಬ್ಬರೇ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಮರುದಿನ ಸೊಮ್ಯೊನ್‌ಗೆ ರೂಮು ಬದಲಿಸಿದೆ. ಮೆಟ್ರೋದ 1 ಮತ್ತು 2ನೇ ಲೈನ್ ಸೇರುವ ಜಾಗ ಅದು, ಎಲ್ಲಿಗೆ ಹೋಗಲೂ ಸುಲಭ. ಅಲ್ಲಿನ ಮಾರ್ಕೆಟ್ ಪಕ್ಕದ ಬೀದಿಯಲ್ಲಿ ದ್ವೇಜಿ ಗುಕ್‌ಬಾಪ್ ಅಂಗಡಿಗಳು ಸಾಲಾಗಿವೆ. ದ್ವೇಜಿ ಎಂದರೆ ಹಂದಿ, ಗುಕ್ ಎಂದರೆ ಸಾರು, ಬಾಪ್ ಎಂದರೆ ಅನ್ನ. ನಮ್ಮ ಮಾತಿನಲ್ಲಿ ಹಂದಿ ಸಾರನ್ನ. ಬಾಗಿಲಲ್ಲೇ ದೊಡ್ಡ ಹಂಡೆಯಲ್ಲಿ ಮೂಳೆ ಕುದಿಯುತ್ತಿರುತ್ತದೆ. ಟಿವಿಯಲ್ಲಿ ಬಂದ ಫೋಟೋ ಅಂಟಿಸಿದ ಅಂಗಡಿಯ ಮುಂದೆ ಮೂವತ್ತು ಜನ ನಿಂತಿದ್ದರು. ನನಗೆ ಊಟಕ್ಕೆ ಸಾಲಿನಲ್ಲಿ ನಿಲ್ಲುವುದು ಆಗುವುದೇ ಇಲ್ಲ. ಅದೇ ಬೀದಿಯಲ್ಲಿ, ಒಳಗೆ ಬರೀ ಊರಿನ ಅಜ್ಜಂದಿರು ಕೂತಿದ್ದ ಅಂಗಡಿಗೆ ನುಗ್ಗಿದೆ. ನೀವೂ ಹಾಗೇ ಮಾಡಿ.

ಬಟ್ಟಲು 10,000 ವಾನ್, ಸುಮಾರು 600 ರೂಪಾಯಿ. ಐದು ನಿಮಿಷದಲ್ಲಿ ಬಂತು, ಇನ್ನೂ ಕೊತಕೊತ ಕುದಿಯುತ್ತಿತ್ತು. ಹಾಲಿನಂತೆ ಬಿಳಿ ಸಾರು, ತೆಳುವಾಗಿ ಕೊಯ್ದ ಮಾಂಸ, ಮೇಲೆ ಈರುಳ್ಳಿ ಸೊಪ್ಪು. ಒಂದು ಚಮಚ ಕುಡಿದೆ. ಸಪ್ಪೆ! ನಾನು ಕೊಡಗಿನವನು. ಹಂದಿ ಎಂದರೆ ನಮಗೆ ಕಾಚಂಪುಳಿ ಎಂಬ ಹುಳಿ ರಸ ಬಿದ್ದು ಕಪ್ಪಾದ ಪಂದಿ ಕರಿ. ಇದೇನು ಬರೀ ಬಿಸಿನೀರು ಎಂದು ಅರ್ಧ ಬಟ್ಟಲನ್ನು ಹಾಗೇ ಕುಡಿದುಬಿಟ್ಟೆ. ಅಂಗಡಿಯ ಅಮ್ಮ ನೋಡುತ್ತಿದ್ದವರು ಬಂದು ಪುಟ್ಟ ಬೋಗುಣಿಯೊಂದನ್ನು ನನ್ನ ಮುಂದೆ ಸರಿಸಿದರು. ಸೇಉಜೊತ್ ಅದು, ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸಿಗಡಿ. ಸಾರಿಗೆ ಉಪ್ಪು ಹಾಕಿರುವುದೇ ಇಲ್ಲ, ಅದನ್ನು ಹಾಕಿಕೊಳ್ಳುವುದು ನಮ್ಮ ಕೆಲಸ. ಅರ್ಧ ಚಮಚ ಸಿಗಡಿ ಬಿತ್ತು ನೋಡಿ, ಅದೇ ಸಾರಿಗೆ ಜೀವ ಬಂತು.

ಆಮೇಲೆ ಅವರೇ ಬೂಚು ಹಾಕಿದರು. ಉದ್ದ ಹುಲ್ಲಿನಂತಿರುವ ಸೊಪ್ಪು, ಬೆಳ್ಳುಳ್ಳಿಯ ವಾಸನೆ, ಮೆಣಸಿನಪುಡಿಯಲ್ಲಿ ಕಲಸಿರುತ್ತಾರೆ. ಒಂದು ಹಿಡಿ ಹಾಕಿ ಮುಳುಗಿಸಬೇಕು. ಕೆಂಪು ಖಾರದ ಮುದ್ದೆ ದದೇಗಿಯನ್ನು ಮಾತ್ರ ತಡವಾಗಿ ಹಾಕಿ. ಮೊದಲೇ ಕದಡಿದರೆ ಮೂಳೆಯ ರುಚಿ ಮುಚ್ಚಿಹೋಗುತ್ತದೆ. ಕೆಲವು ಕಡೆ ಅದು ಸಾರಿನೊಳಗೇ ಇರುತ್ತದೆ, ಚಮಚದಲ್ಲಿ ತೆಗೆದು ಬದಿಗಿಡಿ. ಜೊತೆಗೆ ಒಂದು ಉಂಡೆ ಸಣ್ಣ ಶಾವಿಗೆ ಕೊಡುತ್ತಾರೆ. ಅದನ್ನು ಮೊದಲು ತಿನ್ನಿ, ಇಲ್ಲದಿದ್ದರೆ ಊದಿಕೊಳ್ಳುತ್ತದೆ. ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಮೂಲಂಗಿ ಕಿಮ್ಚಿ (ಹುದುಗಿಸಿದ ಉಪ್ಪಿನಕಾಯಿ) ಖಾಲಿಯಾದರೆ ಮತ್ತೆ ಹಾಕಿಸಿಕೊಳ್ಳಬಹುದು, ಬೇರೆ ದುಡ್ಡಿಲ್ಲ. ಆ ಮೂಲಂಗಿಯ ಹುಳಿಯೂ ಕೊಬ್ಬಿನ ತುಂಡೂ ಒಟ್ಟಿಗೆ ಬಾಯಿಗೆ ಬಿದ್ದಾಗ ನನಗೆ ಕಾಚಂಪುಳಿಯೇ ನೆನಪಾಯಿತು.

ಹಳೆಯ ಅಂಗಡಿಗಳಲ್ಲಿ ಅನ್ನದ ಮೇಲೆ ಕುದಿಯುವ ಸಾರು ಸುರಿದು, ಬಸಿದು, ಮತ್ತೆ ಸುರಿಯುತ್ತಾರೆ. ತಣ್ಣಗಿನ ಅನ್ನ ಒಳಗಿನವರೆಗೂ ಬಿಸಿಯಾಗಲಿ ಎಂದು. ಅನ್ನ ಬೇರೆಯಾಗಿ ಬೇಕಿದ್ದರೆ "ತಾರೋ" ಗುಕ್‌ಬಾಪ್ ಕೇಳಿ. ಬರೀ ಬೇಯಿಸಿದ ಮಾಂಸದ ತಟ್ಟೆ ಸುಯುಕ್. ಸುಂದೆ ಎಂದರೆ ಹಂದಿಯ ಕರುಳಿಗೆ ರಕ್ತ, ಶಾವಿಗೆ ತುಂಬಿ ಬೇಯಿಸಿದ್ದು. "ಸೊಕ್ಕೊ" ಎಂದು ಕೇಳಿದರೆ ಎಲ್ಲ ಬೆರೆಸಿ ಕೊಡುತ್ತಾರೆ, ತಿಳಿದುಕೊಂಡು ಕೇಳಿ.

ದನದ ಮಾಂಸ ತಿನ್ನದವರಿಗೆ ಒಂದು ಎಚ್ಚರಿಕೆ. ಸೊಲ್ಲೊಂಗ್‌ತಾಂಗ್ ಎಂಬ ಸಾರೂ ಹೀಗೇ ಬೆಳ್ಳಗಿರುತ್ತದೆ, ಆದರೆ ಅದು ದನದ ಮೂಳೆಯದು. ಬಟ್ಟಲು ನೋಡಿ ವ್ಯತ್ಯಾಸ ತಿಳಿಯುವುದಿಲ್ಲ. "ದ್ವೇಜಿ" ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಸಸ್ಯಾಹಾರಿಗಳಿಗೆ ಈ ಬೀದಿಯಲ್ಲಿ ಏನೂ ಇಲ್ಲ. ಕಿಮ್ಚಿಗೂ ಸಾಮಾನ್ಯವಾಗಿ ಮೀನಿನದೋ ಸಿಗಡಿಯದೋ ರಸ ಹಾಕಿರುತ್ತಾರೆ.

ಕೊರಿಯಾ ಯುದ್ಧದಲ್ಲಿ, 1950ರ ನಂತರ, ಲಕ್ಷಾಂತರ ಜನ ಓಡಿಬಂದು ಸೇರಿದ ಊರು ಬುಸಾನ್. ಕೈಗೆ ಸಿಕ್ಕ ಹಂದಿಯ ಮೂಳೆ, ತಲೆ, ಕಾಲು ಕುದಿಸಿ ಹೊಟ್ಟೆ ತುಂಬಿಸಿಕೊಂಡವರಿಂದ ಈ ಊಟ ಬೆಳೆಯಿತು ಎಂದು ಹೇಳುತ್ತಾರೆ. ಇಲ್ಲಿ ಒಬ್ಬರೇ ಕೂತು ಉಣ್ಣುವುದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಅದು.

ಚಮಚ, ಚಾಪ್‌ಸ್ಟಿಕ್ ಮೇಜಿನ ಬದಿಯ ಡ್ರಾಯರಿನಲ್ಲಿರುತ್ತವೆ, ಸುಮ್ನೆ ಕಾಯುತ್ತಾ ಕೂರಬೇಡಿ. ನೀರು ನೀವೇ ತಂದುಕೊಳ್ಳಿ. ಟಿಪ್ಸ್ ಕೊಡುವ ರೂಢಿ ಇಲ್ಲ. ಊಟ ಬಡಿಸುವ ಹೆಂಗಸರನ್ನು ಅಲ್ಲಿಯವರು "ಇಮೋ" ಎಂದು ಕೂಗುತ್ತಾರೆ. ತಾಯಿಯ ಅಕ್ಕತಂಗಿಯರನ್ನು ಕರೆಯುವ ಮಾತು, ನಮ್ಮ ಚಿಕ್ಕಮ್ಮ ಇದ್ದಂತೆ. ಕೊನೆಯ ದಿನ ಬೆಳಿಗ್ಗೆ ಆರೂವರೆಗೆ, ರೈಲು ಹಿಡಿಯುವ ಮೊದಲು, ನಾನೂ ಹಾಗೇ ಕೂಗಿದೆ. ಬಟ್ಟಲಿಗಿಂತ ಮೊದಲು ಸಿಗಡಿಯ ಬೋಗುಣಿ ಬಂತು.