ಪುಟ್ಟ ಕರ್ನಲ್‌ನ ಪ್ರಗತಿ: ಎರಡು ಟಿಕ್ಸ್ ಬೇರೆಯಾದವು

ನಮ್ಮ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈಗ ಟಾಸ್ಕ್‌ಗಳು ಸರದಿ ಪ್ರಕಾರ ಬದಲಾಗುತ್ತಿವೆ. ಅಪ್‌ಟೈಮ್, ಅಂದರೆ ಬೂಟ್ ಆದಾಗಿನಿಂದ ಕಳೆದ ಸಮಯ, ಕೂಡ ಏರುತ್ತಿದೆ. ಎರಡಕ್ಕೂ ಅಡ್ಡ ನಿಂತಿದ್ದು ಒಂದೇ ಒಂದು ಹೆಸರು.

ಹೊಸದಾಗಿ ಓದುವವರಿಗೆ: ಇದು 32 ಬಿಟ್ ಇಂಟೆಲ್ ಪ್ರೊಸೆಸರ್‌ಗೆ ಸಿ ಭಾಷೆಯಲ್ಲಿ ಬರೆಯುತ್ತಿರುವ ಕರ್ನಲ್. ಟೈಮರ್ ಭಾಗ ಕಲಬುರಗಿಯಲ್ಲಿ ನಾನು ಬರೆಯುತ್ತೇನೆ, ಯಾವ ಟಾಸ್ಕ್ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಬೀದರ್‌ನಲ್ಲಿರುವ ಗೆಳೆಯನದು. ಹಗಲು 40 ಡಿಗ್ರಿ ದಾಟುವ ಈ ಬ್ಯಾಸಗಿಯಲ್ಲಿ ಕೆಲಸ ಎಲ್ಲಾ ರಾತ್ರಿಯೇ, ಫೋನಿನಲ್ಲಿ ಮಾತಾಡ್ತಾ.

"ಎರಡನೇ ಟಾಸ್ಕ್ ಬಂತಂದ್ರ ಅಲ್ಲೇ ಕುಂತುಬಿಡ್ತದ. ಯಾಕ ಹಿಂಗ ಮಾಡ್ಲಿಕತ್ತದ?" ಅಂತ ಅವನು ಕೇಳುತ್ತಲೇ ಇದ್ದ. ನನ್ನ ಕಡೆ ಅಪ್‌ಟೈಮ್ ಸೊನ್ನೆ ಸೆಕೆಂಡಿನಲ್ಲೇ ನಿಂತಿತ್ತು. ಇವೆರಡೂ ಬೇರೆ ಬೇರೆ ತೊಂದರೆ ಅಂತಲೇ ಕಾಣುತ್ತಿತ್ತು.

ನಾನು ಉಬುಂಟು 20.04 ಬಿಟ್ಟು 22.04 ಹಾಕಿಕೊಂಡೆ. ಅದರೊಂದಿಗೆ ಸಿ ಕಂಪೈಲರ್ ಜಿಸಿಸಿ 9 ಹೋಗಿ 11 ಬಂತು. ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸುವ ಲಿಂಕರ್ ಕೂಡಲೇ ತಡೆಯಿತು: 'ಟಿಕ್ಸ್' ಎರಡು ಕಡೆ ಇದೆ. ನನ್ನ ಟಿಕ್ಸ್ ಬೂಟ್ ಆದಾಗಿನಿಂದ ಬಂದ ಟೈಮರ್ ಇಂಟರಪ್ಟ್‌ಗಳ (ಟೈಮರ್ ಪ್ರೊಸೆಸರ್‌ಗೆ ಕೊಡುವ ಸೂಚನೆ) ಎಣಿಕೆ, ಸೆಕೆಂಡಿಗೆ 100. ಅವನ ಟಿಕ್ಸ್ ಈಗಿನ ಟಾಸ್ಕ್‌ಗೆ ಉಳಿದಿರುವ ಸಮಯದ ಪಾಲು, ಪ್ರತಿ ಇಂಟರಪ್ಟ್‌ಗೆ ಒಂದು ಇಳಿಯುತ್ತದೆ.

ಬೆಲೆ ಕೊಡದೆ ಬರೆದ ಇಂಥ ಗ್ಲೋಬಲ್ ವೇರಿಯೇಬಲ್‌ಗಳು ಎರಡು ಫೈಲ್‌ಗಳಲ್ಲಿದ್ದರೆ ಹಳೇ ಜಿಸಿಸಿ ಒಂದೇ ಜಾಗಕ್ಕೆ ಸೇರಿಸಿಬಿಡುತ್ತಿತ್ತು. ನಮ್ಮ ಟಿಕ್ಸ್‌ಗಳ ಟೈಪ್ ಬೇರೆ: ಒಂದು ಇಂಟ್, ಇನ್ನೊಂದು ಅನ್‌ಸೈನ್ಡ್ ಲಾಂಗ್. ಲಿಂಕರ್ ಟೈಪ್ ನೋಡುವುದಿಲ್ಲ. 2020ರ ಜಿಸಿಸಿ 10ರಿಂದ ಈ ಪದ್ಧತಿ ನಿಂತಿತು.

ಈಗ ಲೆಕ್ಕ ಹಾಕಿ. ಮೊದಲ ಇಂಟರಪ್ಟ್: ನನ್ನ ಕೋಡ್ ಸೊನ್ನೆಯನ್ನು 1 ಮಾಡುತ್ತದೆ, ಅವನ ಕೋಡ್ ಮತ್ತೆ ಸೊನ್ನೆ ಮಾಡುತ್ತದೆ. ಪಾಲು ಮುಗಿಯಿತು, ಎರಡನೇ ಟಾಸ್ಕ್ ಬರುತ್ತದೆ, ಅದರ ಹೊಸ ಪಾಲಾಗಿ ಟಿಕ್ಸ್ 10 ಆಗುತ್ತದೆ. ಆಮೇಲೆ 11, 10, 11, 10. ಅದು ಸೊನ್ನೆಗೆ ಇಳಿಯುವುದೇ ಇಲ್ಲ. 10 ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಅಪ್‌ಟೈಮ್ ಸೊನ್ನೆಯೇ! ಇಬ್ಬರ ತೊಂದರೆಯೂ ಈ ನಾಲ್ಕು ಬೈಟ್‌ಗಳಲ್ಲೇ ಇತ್ತು. ಇದನ್ನು ಕಾಗದದ ಮೇಲೆ ಬರೆದು ನೋಡಿದಾಗ ಆದ ಖುಷಿ ಹೇಳತೀರದು.

ಮೇಕ್‌ಫೈಲ್‌ನಲ್ಲಿ (ಕಂಪೈಲ್ ಮಾಡುವ ಸೂಚನೆಗಳ ಫೈಲ್) ಹಳೇ ಪದ್ಧತಿ ಮರಳಿಸುವ 'ಎಫ್‌ಕಾಮನ್' ಆಯ್ಕೆ ಸೇರಿಸಿದರೆ ಎರರ್ ಹೋಗುತ್ತದೆ, ಆದರೆ ರೋಗ ಹಾಗೇ ಉಳಿಯುತ್ತದೆ. ಅದು ಬೇಡ ಅಂದೆವು. ಎರಡನ್ನೂ ಸ್ಟ್ಯಾಟಿಕ್ (ತನ್ನ ಫೈಲ್‌ನೊಳಗೆ ಮಾತ್ರ ಕಾಣುವಂತೆ) ಮಾಡಿದರೂ ನಡೆಯುತ್ತಿತ್ತು. ಆದರೆ ಡಿಬಗರ್ ಜಿಡಿಬಿಯಲ್ಲಿ 'ಟಿಕ್ಸ್' ಕೇಳಿದರೆ ಯಾವುದು ಅಂತ ಗೊಂದಲ. ಹಾಗಾಗಿ ನನ್ನದು 'ಟೈಮರ್_ಟಿಕ್ಸ್' ಆಯಿತು, ಸ್ಟ್ಯಾಟಿಕ್ ಕೂಡ. ಬೇರೆಯವರು ಫಂಕ್ಷನ್ ಮೂಲಕವೇ ಓದಬೇಕು. ಅವನದು ಪ್ರತಿ ಟಾಸ್ಕ್‌ನ ವಿವರ ಇಡುವ ಟಾಸ್ಕ್ ಸ್ಟ್ರಕ್ಟ್ ಒಳಗೆ ಹೋಯಿತು. ಪಾಲು ಪ್ರತಿ ಟಾಸ್ಕ್‌ನದು ಅಲ್ವಾ, ಅದರ ಜಾಗ ಅಲ್ಲೇ.

ಲಿನಕ್ಸ್‌ಗೂ ಜಿಸಿಸಿ 10 ಇದೇ ಪೆಟ್ಟು ಕೊಟ್ಟಿತ್ತು. ಅದರ ಜೊತೆ ಬರುವ ಡಿಟಿಸಿ ಎಂಬ ಟೂಲ್‌ನಲ್ಲಿ 'ವೈವೈಲಾಕ್' ಎಂಬ ವೇರಿಯೇಬಲ್ ಲೆಕ್ಸರ್ (ಪಠ್ಯವನ್ನು ತುಂಡು ಮಾಡುವ ಭಾಗ), ಪಾರ್ಸರ್ (ಅದರ ರಚನೆ ಗುರುತಿಸುವ ಭಾಗ) ಎರಡರಲ್ಲೂ ಇತ್ತು. ಲೆಕ್ಸರ್‌ನಲ್ಲಿದ್ದ ಒಂದು ಸಾಲು ತೆಗೆದು ಸರಿ ಮಾಡಿದರು.

ಇನ್ನೊಂದು ಸಣ್ಣ ಜಗಳ 'ಕರೆಂಟ್' ಎಂಬ ಹೆಸರಿನದು. ಲಿನಕ್ಸ್‌ನಂತೆ ನಮ್ಮಲ್ಲೂ ಅದು ಮ್ಯಾಕ್ರೋ, ಅಂದರೆ ಕಂಪೈಲ್‌ಗೆ ಮುಂಚೆ ಪ್ರೀಪ್ರೊಸೆಸರ್ ಬೇರೆ ಕೋಡ್‌ನಿಂದ ಬದಲಿಸುವ ಹೆಸರು. ಮೆಮೊರಿ ಹಂಚುವ ಹೀಪ್ ಕೋಡ್‌ನಲ್ಲಿ ಲೋಕಲ್ ಪಾಯಿಂಟರ್‌ಗೂ ಅದೇ ಹೆಸರಿತ್ತು. ಪ್ರೀಪ್ರೊಸೆಸರ್ ಅಲ್ಲಿ ಫಂಕ್ಷನ್ ಕರೆ ತಂದು ಕೂರಿಸಿತು, ಕಂಪೈಲರ್ ಬೈಯಿತು. ಪಾಯಿಂಟರ್ ಈಗ 'ಬ್ಲಾಕ್'.

ಫೈಲ್‌ನಲ್ಲಿರುವ ಹೆಸರುಗಳನ್ನು ಪಟ್ಟಿ ಮಾಡುವ 'ಎನ್‌ಎಂ' ಟೂಲ್ ಓಡಿಸಿ ನೋಡಿದೆ. ಬೆಲೆ ಕೊಡದೆ ಬರೆದ, ಹೊರಗೆ ಕಾಣುವ ವೇರಿಯೇಬಲ್‌ಗಳ ಮುಂದೆ ದೊಡ್ಡ ಬಿ, ಫೈಲ್‌ನೊಳಗಿನವಕ್ಕೆ ಸಣ್ಣ ಬಿ. ಕೀಬೋರ್ಡ್ ಡ್ರೈವರ್‌ನಲ್ಲಿ 'ಬಫ್', 'ಹೆಡ್', 'ಕೌಂಟ್' ಎಲ್ಲವೂ ಸುಮ್ನೆ ದೊಡ್ಡ ಬಿ ಹೊತ್ತು ಕೂತಿವೆ. ಈ ವಾರ ಅವುಗಳ ಸರದಿ.