ಲೀಮಾದಲ್ಲಿ ಮೊದಲ ದಿನ: ಕತ್ತೆಹೊಟ್ಟೆ ಬಣ್ಣದ ಆಕಾಶ, ಬೆಲ್ಲದ ಪಾಕದ ವಡೆ

ಪೆರು ಅಂದ್ರೆ ಎಲ್ರ ತಲೇಲೂ ಮಾಚು ಪಿಚು ಒಂದೇ, ನಮಗೂ ಹಾಗೇ ಇತ್ತು. ರಾಜಧಾನಿ ಲೀಮಾದಲ್ಲಿ ಇಳಿದ ದಿನವೇ, ಮಾಚು ಪಿಚುಗೆ ಹೋಗೋ ದಾರೀಲಿರೋ ಕುಸ್ಕೋ ಊರಿಗೆ ಫ್ಲೈಟ್ ಹಿಡಿಯೋಣ ಅಂತ ನಾನು ಬುಕಿಂಗ್‌ಗೆ ಕೂತಿದ್ದೆ, ನಮ್ಮನೆಯವ್ರು "ಬೇಡ ಕಣೇ, ಒಂದಿನ ಕಾಲು ಚಾಚ್ಕೊಂಡು ಇದ್ದು ಹೋಗೋಣ" ಅಂದ್ರು. ಕುಸ್ಕೋ ಇರೋದು 3,400 ಮೀಟರ್ ಎತ್ತರದಲ್ಲಿ, ಭಾರತದಿಂದ ಲೀಮಾಗೆ ಡೈರೆಕ್ಟ್ ಫ್ಲೈಟ್ ಇಲ್ಲದೆ ಎರಡು ಕಡೆ ವಿಮಾನ ಬದಲಾಯಿಸಿ ನಿದ್ದೆಗೆಟ್ಟು ಹೋದವರು ಸೀದಾ ಅಲ್ಲಿಗೆ ಹತ್ತಿದ್ರೆ ತಲೆನೋವು ಗ್ಯಾರಂಟಿ. ನೀವೂ ಲೀಮಾಗೆ ಒಂದಿನ ಕೊಡಿ.

ವೀಸಾ ಬಗ್ಗೆ ತುಂಬಾ ಜನ ಕೇಳ್ತಾರೆ. ನಮ್ಮತ್ರ ಅಮೆರಿಕ ವೀಸಾ ಇತ್ತು, ಅದಕ್ಕೆ ಇನ್ನೂ 6 ತಿಂಗಳಾದ್ರೂ ವ್ಯಾಲಿಡಿಟಿ ಇದ್ರೆ ಟೂರಿಸ್ಟ್ ಆಗಿ ಹೋಗೋಕೆ ಪೆರುದು ಬೇರೆ ಬೇಕಾಗಲ್ಲ. ಆದ್ರೂ ಹೊರಡೋ ಮುಂಚೆ ಎಂಬಸಿ ಸೈಟಲ್ಲಿ ಒಂದ್ಸಲ ನೋಡ್ಕೊಂಬಿಡಿ, ಇಂಥ ರೂಲ್ಸ್ ಯಾವಾಗ ಬದಲಾಗುತ್ತೋ ಹೇಳಕ್ಕಾಗಲ್ಲ.

ಏರ್‌ಪೋರ್ಟ್ ಇರೋದು ಪಕ್ಕದ ಕಯಾವೊದಲ್ಲಿ, ನಾವು ರೂಮ್ ಮಾಡಿದ್ದು ಲೀಮಾದ ಮಿರಾಫ್ಲೋರೆಸ್ ಬಡಾವಣೆಯಲ್ಲಿ. ಟ್ಯಾಕ್ಸಿಗೆ ಮೀಟರ್ ಅನ್ನೋದೇ ಇಲ್ಲ, ಹತ್ತೋ ಮುಂಚೆ ರೇಟ್ ಮಾತಾಡ್ಬೇಕು, ಹೊರಗೆ ಬಂದ ತಕ್ಷಣ ಬ್ಯಾಗಿಗೆ ಕೈ ಹಾಕಿದ ಒಬ್ಬ ಹೇಳಿದ ರೇಟು ಆ್ಯಪ್‌ನಲ್ಲಿ ತೋರಿಸ್ತಿದ್ದಕ್ಕಿಂತ ಎರಡರಷ್ಟಿತ್ತು, "ನೋ ಗ್ರಾಸಿಯಾಸ್" ಅಂತ ನಗ್ತಾ ಮುಂದಕ್ಕೆ ಹೋದ್ವಿ. ಡಾಲರ್ ತಗೊಂಡು ಹೋಗೋದಾದ್ರೆ ಹೊಸ ನೋಟು ಇಟ್ಕೊಳ್ಳಿ, ಸ್ವಲ್ಪ ಹರಿದಿದ್ರೂ ಮುಟ್ಟಲ್ಲ. ಅಲ್ಲಿಯ ದುಡ್ಡು 'ಸೋಲ್', ಅದು ಒಂದಕ್ಕೆ ನಮ್ಮ ಇಪ್ಪತ್ತುಚಿಲ್ಲರೆ ರೂಪಾಯಿ ಅಂತ ಲೆಕ್ಕ ಹಾಕ್ಕೊಂಡ್ರೆ ಸಾಕು.

ನಾವು ಹೋಗಿದ್ದು ಆಗಸ್ಟಲ್ಲಿ, ಅಂದ್ರೆ ಅಲ್ಲಿ ಚಳಿಗಾಲ. ಬೆಳಿಗ್ಗೆ ಕರ್ಟನ್ ಸರಿಸಿದ್ರೆ ಸೂರ್ಯನೇ ಇಲ್ಲ, ಇಡೀ ಆಕಾಶಕ್ಕೆ ಬೂದಿ ಬಳಿದ ಹಾಗಿದೆ. ಲೀಮಾದವರು ಇದಕ್ಕೆ 'ಪಾನ್ಸಾ ದೆ ಬುರ್ರೊ' ಅಂತಾರಂತೆ, ಕತ್ತೆಯ ಹೊಟ್ಟೆ! ಊರಿರೋದು ಮರುಭೂಮಿ ಕರಾವಳಿಯಲ್ಲಿ, ಸರಿಯಾದ ಮಳೆ ಬರೋದೇ ಇಲ್ಲ, ಆದ್ರೆ ಸಮುದ್ರದ ತಣ್ಣನೆ ಪ್ರವಾಹದಿಂದ ಮಂಜು ಕವಿದು 'ಗರುವಾ' ಅನ್ನೋ ತುಂತುರು ಇಳಿಯುತ್ತೆ, ಛತ್ರಿ ಬೇಡ ಆದ್ರೆ ಜರ್ಕಿನ್ ಬೇಕೇ ಬೇಕು. ಬಿಸಿಲು ಬೇಕು ಅನ್ನೋರು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ.

ಬೆಳಿಗ್ಗೆಯೇ ಹಳೇ ಊರು ಮುಗಿಸ್ಬೇಕು. ಮೆಟ್ರೊಪೊಲಿತಾನೊ ಅಂತ ಬಸ್ಸಿದೆ, ಅದಕ್ಕೆ ರಸ್ತೆ ಮಧ್ಯೆ ಬೇರೆಯೇ ಲೇನು, ಒಂದೇ ಕಾರ್ಡನ್ನ ಇಬ್ರಿಗೂ ಉಜ್ಜಬಹುದು. ನಾವು ಜೋಶಲ್ಲಿ ಎಕ್ಸ್‌ಪ್ರೆಸ್ ಹತ್ತಿಬಿಟ್ವಿ, ಅದು ನಮ್ಮ ಸ್ಟಾಪಲ್ಲಿ ನಿಲ್ಲದೇ ಸೊಯ್ಯಂತ ಹೋಯ್ತು, ವಾಪಸ್ ಬಂದಿದ್ದಕ್ಕೆ ಅರ್ಧ ಗಂಟೆ ದಂಡ. ಬಸ್ ನಂಬರಿನ ಜೊತೆ ಎಲ್ಲೆಲ್ಲಿ ನಿಲ್ಲುತ್ತೆ ಅಂತಾನೂ ಬೋರ್ಡಲ್ಲಿ ಓದ್ಕೊಳ್ಳಿ. ಪ್ಲಾಸಾ ಮಯೋರ್ ಚೌಕ ಚೆನ್ನಾಗಿದೆ, ಸ್ಪೇನಿನಿಂದ ದಂಡೆತ್ತಿ ಬಂದ ಪಿಸಾರೊ 1535ರಲ್ಲಿ ಊರು ಕಟ್ಟಿದ್ದು ಇಲ್ಲಿಂದಲೇ, ಫೋಟೋ ತೆಗೆದು ಮುಂದೆ ಹೋಗಿ. ನಿಲ್ಲಬೇಕಾದ್ದು ಸಾನ್ ಫ್ರಾನ್ಸಿಸ್ಕೊ ಮಠದ ನೆಲಮಾಳಿಗೇಲಿ. ಹಳೇ ಕಾಲದ ಸ್ಮಶಾನ ಅದು, ಬಗ್ಗಿಕೊಂಡು ಹೋದ್ರೆ ದುಂಡನೆ ಬಾವಿಯೊಳಗೆ ತಲೆಬುರುಡೆ ಒಂದು ಸುತ್ತು, ತೊಡೆಮೂಳೆ ಒಂದು ಸುತ್ತು, ರಂಗೋಲಿ ಥರ ಜೋಡಿಸಿಟ್ಟಿದ್ದಾರೆ. ಫೋಟೋ ತೆಗೆಯೋ ಹಾಗಿಲ್ಲ.

ವಾಪಸ್ ಬರ್ತಾ ಸಣ್ಣ ವ್ಯಾನ್ ಹತ್ತಿದ್ವಿ. ಕಂಡಕ್ಟರ್ ಬಾಗಿಲಲ್ಲಿ ನೇತಾಡ್ತಾ ಹೋಗೋ ರಸ್ತೆಯ ಹೆಸರು ಕಿರುಚ್ತಾನೆ, ಥೇಟ್ ನಮ್ಮ ಪ್ರೈವೇಟ್ ಬಸ್ಸಿನ ಹುಡುಗರೇ. ಇಳಿಯೋವಾಗ "ಪಿಯೆ ದೆರೆಚೊ" ಅಂದ, ಬಲಗಾಲು ಮುಂದಿಡಿ ಅಂತ ಅರ್ಥ, ಗಾಡಿ ಪೂರ್ತಿ ನಿಂತಿರಲ್ಲ ನೋಡಿ. ಮದುವೆಯಾಗಿ ಮನೆ ತುಂಬಿಸ್ಕೊಂಡ ಮೇಲೆ ನನಗೆ ಬಲಗಾಲಿಡು ಅಂದವನು ಇವನೊಬ್ಬನೇ.

ಈಗ ಊಟ. ಮೀನು ತಿನ್ನೋರಿಗೆ ಸ್ವರ್ಗ, ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿನ 'ಸೆವಿಚೆ'ಯನ್ನ ಮಧ್ಯಾಹ್ನದ ಊಟಕ್ಕೆ ತಿನ್ನೋದು ಅಲ್ಲಿಯ ರೂಢಿ, ರಾತ್ರಿ ಹುಡುಕ್ಬೇಡಿ. ನಮ್ಮಂಥ ಪುಳಿಚಾರ್ ಮಂದಿ ಹುಷಾರಾಗಿರ್ಬೇಕು. "ಸಿನ್ ಕಾರ್ನೆ", ಅಂದ್ರೆ ಮಾಂಸ ಬೇಡ ಅಂತ ಉರು ಹೊಡ್ಕೊಂಡು ಹೋಗಿದ್ದೆ, ಆದ್ರೆ ಅವರ ಲೆಕ್ಕದಲ್ಲಿ ಕೋಳಿ ಕಾರ್ನೆ ಅಲ್ಲ, ನನ್ನ ಅನ್ನದಲ್ಲಿ ಚಿಕನ್ ಚೂರು ಸಿಕ್ತು. ಪಾಪ ಅವರದ್ದೇನು ತಪ್ಪಿಲ್ಲ. "ಸಿನ್ ಪೋಯೊ, ಸಿನ್ ಪೆಸ್ಕಾಡೊ" ಅಂತ ಕೋಳಿ, ಮೀನು ಎರಡೂ ಬೇಡ ಅಂತ ಸೇರಿಸಿ ಹೇಳಿ. ಆಮೇಲೆ ಬೆಣ್ಣೆಹಣ್ಣು ತುಂಬಿದ 'ಕೌಸಾ' ತರಿಸಿದ್ವಿ, ಹಳದಿ ಆಲೂಗಡ್ಡೆ ನುಣ್ಣಗೆ ಹಿಸುಕಿ ನಿಂಬೆರಸ, ಮೆಣಸಿನಕಾಯಿ ಹಾಕಿ ತಣ್ಣಗೆ ಕೊಡ್ತಾರೆ. ಆಲೂಗಡ್ಡೆಯ ತವರುಮನೆ ಇದು, ಹಾಸನದ್ದೂ ಮೂಲದಲ್ಲಿ ಈ ಕಡೆಯಿಂದ ಬಂದಿದ್ದೇ, ಆದ್ರೆ ಆ ರುಚಿ ಬೇರೇನೇ. ನಲ್ಲಿ ನೀರು ಮಾತ್ರ ಕುಡೀಬೇಡಿ.

ಸಂಜೆಗೆ ಮುಂಚೆ ಹುವಾಕ ಪುಕ್ಯಾನ ನೋಡಿ, ಅಪಾರ್ಟ್‌ಮೆಂಟುಗಳ ಮಧ್ಯೆ ಇಂಕಾಗಳಿಗಿಂತ ಎಷ್ಟೋ ಹಳೇ ಮಣ್ಣಿನ ಪಿರಮಿಡ್ಡು. ಮಣ್ಣಿಟ್ಟಿಗೆಗಳನ್ನ ಕಪಾಟಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ಜೋಡಿಸಿದ್ದಾರೆ, ಮಧ್ಯೆ ಸಣ್ಣ ಸಂದು, ಭೂಕಂಪ ಬಂದ್ರೆ ಅಲ್ಲಾಡೋಕೆ ಜಾಗ ಸಿಗಲಿ ಅಂತ. ಮಂಗಳವಾರ ರಜೆ.

ಆಮೇಲೆ ಮಲೆಕೋನ್, ಸಮುದ್ರದ ಅಂಚಿನ ಕಡಿದಾದ ದಿಬ್ಬದ ಮೇಲಿನ ವಾಕಿಂಗ್ ದಾರಿ. ಮೆಟ್ಟಿಲಿಳಿದು ಕೆಳಗೆ ಹೋದ್ರೆ ಮರಳೇ ಇಲ್ಲ, ಬರೀ ದುಂಡುಕಲ್ಲು, ಅಲೆ ಹಿಂದೆ ಸರಿದಾಗ ಕಲ್ಲುಗಳೆಲ್ಲ ಉರುಳಿ ದೊಡ್ಡ ಮೊರದಲ್ಲಿ ಕಾಳು ಕೇರಿದ ಹಾಗೆ ಸದ್ದು. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ.

ರಾತ್ರಿ ಕೆನಡಿ ಪಾರ್ಕಲ್ಲಿ, ಬೆಕ್ಕುಗಳು ತುಂಬಿರೋ ಪಾರ್ಕು ಅದು, ಪಿಕರೋನೆಸ್ ಗಾಡಿ ಹತ್ರ ಕ್ಯೂ ನಿಂತ್ವಿ. ಗೆಣಸು, ಕುಂಬಳಕಾಯಿ ಹಾಕಿದ ಹುಳಿ ಬಂದ ಹಿಟ್ಟು. ಆ ಅಮ್ಮ ಕೈ ನೀರಲ್ಲಿ ಅದ್ದಿ, ಹಿಟ್ಟು ತಗೊಂಡು ಬೆರಳಲ್ಲೇ ತೂತು ಮಾಡಿ ಎಣ್ಣೆಗೆ ಬಿಡ್ತಾರೆ, ಉದ್ದಿನ ವಡೆ ಬಿಡೋ ಕೈಯೇ. ಮೇಲೆ ಚಂಕಾಕ ಪಾಕ ಸುರೀತಾರೆ, ಚಂಕಾಕ ಅಂದ್ರೆ ನಮ್ಮ ಬೆಲ್ಲವೇ. ನಮ್ಮನೆಯವ್ರು ಒಂದು ಪ್ಲೇಟ್ ಸಾಕು ಅಂದವ್ರು ಮೂರು ತಿಂದ್ರು, ಬೆಳಿಗ್ಗೆ 6ಕ್ಕೆ ಕುಸ್ಕೋ ಫ್ಲೈಟ್ ಇದೆ ಅನ್ನೋದನ್ನ ನಾನೇ ನೆನಪಿಸ್ಬೇಕಾಯ್ತು.