ಬಿಳಿ ಐದರ ತನಕ ಬಾರದ ಪೇಟಿ

ಈ ವಾರ ದುರಸ್ತಿಗೆ ಬಂದ ಪೇಟಿ, ಅಂದರೆ ಹಾರ್ಮೋನಿಯಂ, ಮ್ಯಾಲಿಂದ ನೋಡಿದರೆ ಹೊಸದರಂತೆಯೇ ಇತ್ತು. ತಂದವರು ಕಲಬುರಗಿಯ ಬ್ರಹ್ಮಪುರದ ಕಡೆಯವರು, ಐವತ್ತು ದಾಟಿದ ನೌಕರರು. ಪೇಟಿ ಟೇಬಲ್ ಮೇಲಿಟ್ಟವರೇ ಯಾರೂ ಕೇಳದಿದ್ದರೂ ಲೆಕ್ಕ ಒಪ್ಪಿಸತೊಡಗಿದರು: ಮೊದಲು ಕ್ಯಾಮೆರಾ, ಆಮೇಲೆ ಗಿಟಾರು, ಉರ್ದು ಕ್ಲಾಸು, ಬೋನ್ಸಾಯ್, ಕಡೆಗೆ ಇದು. “ಒಂದಾದ್ರೂ ಹಿಡಿದು ಕುಂತಿದ್ರ ಇಷ್ಟೊತ್ತಿಗೆ ಏನರೆ ಆಗಿರ್ತಿದ್ದೆ ನೋಡ್ರಿ.”

ಗಾಳಿ ಊದುವ ತಿದಿ ತುಂಬಿಸಿ, ಒಂದೂ ಕೀ ಒತ್ತದೆ ಬಿಟ್ಟರೆ ಗಾಳಿ ನಿಧಾನವಾಗಿ ಇಳಿಯಬೇಕು. ಇದು ಪುಸ್ ಅಂತ ಕುಸಿಯಿತು. ಬಾರಿಸಿ ಬಾರಿಸಿ ಕೆಟ್ಟ ಪೇಟಿ ನಮ್ಮ ಕಡೆ ಕಡಿಮೆ. ಬಾರಿಸದೆ ಕೆಟ್ಟದ್ದೇ ಹೆಚ್ಚು. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ದಾಟಿದಾಗ ಅಲ್ಮಾರಿಯ ಮೇಲಿಟ್ಟ ಪೇಟಿಯ ಕಟ್ಟಿಗೆ ಕುಗ್ಗುತ್ತದೆ, ಕೀಗಳ ಕೆಳಗಿನ ತೆಳು ಚರ್ಮ ಬಿರುಸಾಗುತ್ತದೆ, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಕೂರಿಸಿದ ಹಲಗೆಯ, ಅಂದರೆ ರೀಡ್ ಬೋರ್ಡಿನ, ಅಂಚಿನಲ್ಲಿ ಗಾಳಿ ಸೋರುತ್ತದೆ. ಚರ್ಮ ಬದಲಿಸಿದ ಮೇಲೆ ಬೋರ್ಡಿನ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಬದಿ ಪೂರ್ತಿ ಬಿಗಿದರೆ ಬೋರ್ಡು ಸೀಳಬಹುದು. ಸದ್ದು ಬಾರದ ರೀಡಿನಲ್ಲಿ ಸಾಮಾನ್ಯವಾಗಿ ಇರುವುದು ಧೂಳಿನ ಕಣ. ರೀಡಿನಲ್ಲಿ ಅದುರುವ ನಾಲಿಗೆಯ ಕೆಳಗೆ ತೆಳು ಕಾಗದ ತೂರಿಸಿ ಎಳೆದರೆ ಸಾಕು. ಸ್ವರ ಇಳಿದಿದ್ದರೆ ನಾಲಿಗೆಯ ತುದಿಯನ್ನು ಚೂರು ಕೆರೆಯಬೇಕು, ಏರಿದ್ದರೆ ಬುಡವನ್ನು. ಹಿತ್ತಾಳೆ ಒಮ್ಮೆ ಹೋದರೆ ಹೋಯಿತು, ಹಾಗಾಗಿ ಪ್ರತಿ ಕೆರೆತಕ್ಕೂ ಬಾರಿಸಿ ಕೇಳಲೇಬೇಕು.

ಕೀಗಳ ಮೇಲಿನ ಬೆರಳ ಜಿಡ್ಡು ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಇವರ ಷಡ್ಜ, ಅಂದರೆ ‘ಸ’, ಕರಿ ಒಂದು; ಸಪ್ತಕದ ಮೊದಲ ಕರಿ ಕೀಗೆ ಹಾಗನ್ನುತ್ತೇವೆ, ಬಿಳಿಗಳಿಗೂ ಹೀಗೇ ಎಣಿಕೆ. ಅಲ್ಲಿಂದ ಶುದ್ಧ ಸ್ವರಗಳಷ್ಟೇ ಬಾರಿಸಿದರೆ ಐದೂ ಕರಿಯ ಜೊತೆಗೆ ಬೇಕಾಗುವ ಬಿಳಿ ಕೀ ಎರಡೇ: ಬಿಳಿ ನಾಲ್ಕು, ಬಿಳಿ ಒಂದು. ಜಿಡ್ಡು ಇದ್ದದ್ದು ಅಷ್ಟಕ್ಕೇ. ಬಿಳಿ ಐದು ಫಳಫಳ. ಕರಿ ಒಂದರ ಷಡ್ಜಕ್ಕೆ ತೀವ್ರ ಮಧ್ಯಮ ಅದೇ. ಅಂದರೆ ಆ ಸ್ವರ ಬೇಕಾಗುವ ಯಮನ್ ರಾಗ ಶುರುವಾಗುವ ಮೊದಲೇ ಪೇಟಿ ಅಲ್ಮಾರಿ ಹತ್ತಿದೆ. ಬಲಗೈ ಅಲಂಕಾರಗಳಿಗೆ, ಅಂದರೆ ಸ್ವರಾಭ್ಯಾಸದ ವರಸೆಗಳಿಗೆ, ಒಗ್ಗಿ, ಎಡಗೈ ಮಾತ್ರ ಇನ್ನೂ ತಿದಿಯನ್ನು ಜಗ್ಗುತ್ತಾ ಸ್ವರ ಅಲುಗಿಸುವ ಹಂತ ಅದು. ಕಲಿತದ್ದು ಕಿವಿಗೆ ಬೀಳುವುದಿಲ್ಲ, ಮನೆಯವರಿಗೆ ತಲೆನೋವು ಮಾತ್ರ ಕಾಣುತ್ತದೆ. ಮಧ್ಯವಯಸ್ಸಿನವರ ಪೇಟಿಗಳಲ್ಲಿ ಬಿಳಿ ಐದು ಹೀಗೆ ಫಳಫಳ ಇರುವುದು ಅಪರೂಪವೇನಲ್ಲ. ಈ ನೌಕರರ ಗಿಟಾರಿನದೂ ಇದೇ ಕತೆ ಇದ್ದೀತು.

“ಏನರೆ ಆಗಿರ್ತಿದ್ದೆ.” ಏನು? ಈ ಮಾತು ತಲೆಯಿಂದ ಹೋಗುತ್ತಿಲ್ಲ. ಊರೂರಿನ ಭಜನಾ ಮಂಡಳಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಪೇಟಿ ಹಿಡಿಯುವವರು ಏನೂ ಆಗಿಲ್ಲ. ಹಗಲು ತೊಗರಿ ಹೊಲ, ರಾತ್ರಿ ಪದ. ಆಕಾಶವಾಣಿ 1940ರಿಂದ 1971ರ ತನಕ ಈ ವಾದ್ಯವನ್ನು ಹೊರಗಿಟ್ಟಿತ್ತು. ಗುಡಿಯ ಕಟ್ಟೆಗೆ ಅದರಿಂದ ಏನೂ ಆಗಲಿಲ್ಲ. ಆ ಭಜನೆಯ ಪೇಟಿಯವರಿಗೆ ವಿಶೇಷ ಹುಚ್ಚು ಇತ್ತೆಂದೂ ಅಲ್ಲ. ಸೋಮವಾರ ಬರದಿದ್ದರೆ “ಎಲ್ಲಿ ಸತ್ತಿದ್ದಿಲೇ” ಅಂತ ಕೇಳುವವರಿದ್ದರು, ಹಾಡುವವನು ಕಾಯುತ್ತಿದ್ದ. ಈ ನೌಕರರು ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲ್ ನೋಡಿ ಕಲಿತವರು. ಅವರು ಕೈಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಛಲ ಇಲ್ಲ ಅಂತ ತಮ್ಮನ್ನೇ ಬೈದುಕೊಳ್ಳುವವರ ಬಗ್ಗೆ ಸಿಟ್ಟು ಬರುವುದು ಇದಕ್ಕೇ. ಬೈದುಕೊಳ್ಳುವುದೂ ಅವರಿಗೆ ಒಂದು ಹವ್ಯಾಸ, ಅದನ್ನು ಮಾತ್ರ ಬಿಟ್ಟಿಲ್ಲ.

ಹತ್ತಿರದ ಭಜನೆಗೆ ಹೋಗಿ ಕೂಡ್ರಿ, ಮೊದಮೊದಲು ಷಡ್ಜ-ಪಂಚಮ ಹಿಡಿದು ಕೊಟ್ಟರೂ ನಡೀತದ ಅಂತ ಹೇಳಿದ್ದಾಯಿತು. ತಲೆಯಾಡಿಸಿದರು, ಅಡ್ವಾನ್ಸ್ ಕೊಟ್ಟರು, ಚಪ್ಪಲಿ ಮೆಟ್ಟಿಕೊಂಡರು.

“ಅಲ್ರೀ, ಕೊಳಲು ಇದಕ್ಕಿಂತ ಸರಳ ಏನು?”

“ಇಲ್ರಿ ಸಾಹೇಬ್ರ. ಮೊದಲ ಹದಿನೈದು ದಿನ ಬರೇ ಗಾಳಿ ಸಪ್ಪಳ ಬರ್ತದ.”